ಐವತ್ತರ ಗುಂಯ್ ಮತ್ತು ನಾಲ್ಕು ತಂತಿ

ಕೋಲಾರದ ಚಿನ್ನದ ಗಣಿಗಳು ಆಳಕ್ಕೆ ಇಳಿದಂತೆಲ್ಲ ಅಲ್ಲಿನ ಬಂಡೆ ಸಿಡಿಯತೊಡಗಿತು. ಮೇಲಿನ ನೆಲದ ಭಾರವನ್ನೆಲ್ಲ ಹೊತ್ತ ಕಲ್ಲು, ಅದಿರು ತೆಗೆದು ಟೊಳ್ಳಾದ ಜಾಗದ ಪಕ್ಕದಲ್ಲಿ, ಯಾವ ಮುನ್ಸೂಚನೆಯೂ ಇಲ್ಲದೆ ಒಡೆದು ಚಿಮ್ಮುತ್ತಿತ್ತು. ಗಣಿಯವರ ಬಾಯಲ್ಲಿ ಅದು ರಾಕ್‌ಬರ್ಸ್ಟ್. ದೊಡ್ಡದಾದರೆ ಮೇಲಿನ ಮನೆಗಳಿಗೂ ನಡುಕ ತಟ್ಟುತ್ತಿತ್ತು. ಬಂಡೆಗಳ ಒತ್ತಡವನ್ನು ಅಧ್ಯಯನ ಮಾಡುವ ಕೇಂದ್ರ ಸರ್ಕಾರದ ಸಂಸ್ಥೆ ಎನ್‌ಐಆರ್‌ಎಂ 1988ರಲ್ಲಿ ಕೆಜಿಎಫ್‌ನಲ್ಲೇ ಶುರುವಾದದ್ದು ಸುಮ್ಮನೆ ಅಲ್ಲ. ಕಲ್ಲು ಎಲ್ಲಿ ಬಿರಿಯಿತು ಎಂದು ತಿಳಿಯಲು ಅಲ್ಲಿ ಬಳಸಿದ ಸಾಧನದ ಹೆಸರು ಜಿಯೋಫೋನ್. ಹೆಸರು ದೊಡ್ಡದು, ಒಳಗಿರುವುದು ಎರಡೇ ವಸ್ತು: ಒಂದು ಅಯಸ್ಕಾಂತ, ಅದರ ಸುತ್ತ ಸ್ಪ್ರಿಂಗಿನಿಂದ ತೂಗಿದ ಒಂದು ತಾಮ್ರದ ಸುರುಳಿ. ನೆಲ ಅಲುಗಿದಾಗ ಅಯಸ್ಕಾಂತ ಅದರೊಂದಿಗೆ ಅಲುಗುತ್ತದೆ, ಸುರುಳಿ ಹಿಂದುಳಿಯುತ್ತದೆ. ಆ ವ್ಯತ್ಯಾಸದಿಂದ ಸುರುಳಿಯಲ್ಲಿ ಪುಟ್ಟ ವಿದ್ಯುತ್ ಹುಟ್ಟುತ್ತದೆ. ನೆಲ ಎಷ್ಟು ದೂರ ಸರಿಯಿತು ಎಂಬುದಲ್ಲ, ಎಷ್ಟು ವೇಗದಲ್ಲಿ ಸರಿಯಿತು ಎಂಬುದೇ ಅಲ್ಲಿ ವೋಲ್ಟೇಜಾಗಿ ಕಾಣಿಸುವುದು. ಎಲೆಕ್ಟ್ರಿಕ್ ಬೇಸ್ ಗಿಟಾರಿನ ತಂತಿಗಳ ಕೆಳಗೆ ಕೂರುವ ಪಿಕಪ್ ಇದೇ ಮನೆತನದ್ದು. ಅದರಲ್ಲಿ ಅಯಸ್ಕಾಂತ, ಸುರುಳಿ ಎರಡೂ ಕದಲುವುದಿಲ್ಲ. ಮೇಲಿನ ಉಕ್ಕಿನ ತಂತಿಗೆ ಅಯಸ್ಕಾಂತದ ಗುಣ ಹತ್ತುತ್ತದೆ, ಮೀಟಿದಾಗ ಆ ತಂತಿ ಅಲ್ಲಾಡಿ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರವನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ಇಲ್ಲೂ ಲೆಕ್ಕಕ್ಕೆ ಬರುವುದು ವೇಗವೇ. ಪಿಕಪ್ ಎಂದರೆ ಮೈಕು ಎಂದುಕೊಂಡವರು ಇಲ್ಲೇ ದಾರಿ ತಪ್ಪುವುದು. ಅದು ಗಾಳಿಯ ಸದ್ದನ್ನು ಕೇಳುವುದೇ ಇಲ್ಲ. ಅದೊಂದು ಕಿರಿಯ ಜನರೇಟರ್.

ಜನರೇಟರ್ ಎಂದು ಒಪ್ಪಿಕೊಂಡರೆ ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಯೇ ಬದಲಾಗುತ್ತದೆ. ಮನೆಯಲ್ಲೇ ಹಲಸಿನ ಹಲಗೆಯನ್ನೋ ಸಿಲ್ವರ್ ಓಕನ್ನೋ ಕೊರೆದು ಬೇಸ್ ಮಾಡಿದವರು ಮೊದಲು ಹಾಕುವುದು ಸಾಮಾನ್ಯವಾಗಿ ಕೈಗೆ ಸಿಕ್ಕ ಅಗ್ಗದ ಪಿಕಪ್ಪನ್ನು. ಮರಗೆಲಸ ಮುಗಿದು, ತಂತಿ ಕಟ್ಟಿ, ಶ್ರುತಿ ನಿಂತ ಮೇಲೆ ಅದನ್ನು ಕಿತ್ತು ಒಳ್ಳೆಯದೊಂದನ್ನು ಹಾಕುವ ಆಸೆ ಹುಟ್ಟುತ್ತದೆ. ಆಗ ಅಂಗಡಿ ಮತ್ತು ಜಾಹೀರಾತಿನ ಭಾಷೆ ಕಿವಿಗೆ ಬೀಳುತ್ತದೆ: ಇದು ಬೆಚ್ಚಗಿನ ಸ್ವರ, ಅದು ಗಟ್ಟಿ ಸ್ವರ, ಇದರಲ್ಲಿ ಹಳೆಯ ಕಾಲದ ಅಯಸ್ಕಾಂತ, ಅದರಲ್ಲಿ ಹೆಚ್ಚು ಓಮ್. ನನ್ನ ವಾದ ಇಷ್ಟು: ನಮ್ಮ ಊರುಗಳಲ್ಲಿ, ನಮ್ಮ ಕರೆಂಟಿನಲ್ಲಿ, ಪಿಕಪ್ ಏನನ್ನು ಕೇಳುತ್ತದೆ ಎನ್ನುವುದಕ್ಕಿಂತ ಮೊದಲು ಅದು ಏನನ್ನು ಕೇಳಬಾರದು ಎಂದು ತೀರ್ಮಾನಿಸಬೇಕು. ಉಳಿದ ಆಯ್ಕೆಗಳೆಲ್ಲ ಆಮೇಲೆ. ಅವುಗಳಲ್ಲೂ ಹೆಚ್ಚಿನವು ಪಿಕಪ್ ಒಳಗೆ ಅಲ್ಲ, ಅದರ ಹೊರಗೆ ತೀರ್ಮಾನವಾಗುವಂಥವು.

ಕೇಳಬಾರದ್ದು ಮನೆಯ ವಿದ್ಯುತ್ತು. ಸುರುಳಿಗೆ ತಂತಿಯೂ ಒಂದೇ, ಪಕ್ಕದ ಗೋಡೆಯ ವೈರೂ ಒಂದೇ. ಬದಲಾಗುವ ಯಾವ ಕಾಂತಕ್ಷೇತ್ರ ಹಾಯ್ದರೂ ಅದು ವೋಲ್ಟೇಜು ಹುಟ್ಟಿಸುತ್ತದೆ. ಕರೆಂಟಿನ ಜೊತೆ ಕೆಜಿಎಫ್‌ನ ನಂಟು ಹಳೆಯದು. ಕಾವೇರಿಯ ಶಿವನಸಮುದ್ರದಿಂದ ಸುಮಾರು 148 ಕಿ.ಮೀ. ದೂರ ತಂತಿ ಎಳೆದು 1902ರ ಜೂನ್‌ನಲ್ಲಿ ಇಲ್ಲಿನ ಗಣಿಗಳಿಗೆ ವಿದ್ಯುತ್ ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಆ ಹಳೆಯ ಕರೆಂಟು ಸೆಕೆಂಡಿಗೆ 25 ಸಲ ಪೂರ್ತಿ ಆವರ್ತ ಮುಗಿಸುತ್ತಿತ್ತು. ಇಂದಿನದು 50 ಸಲ. ಈಗ ಬೇಸ್‌ನ ಸ್ವರಗಳನ್ನು ಪಕ್ಕದಲ್ಲಿಟ್ಟು ನೋಡಿ. ಅದರ ನಾಲ್ಕು ತಂತಿಗಳು, ದಪ್ಪದಿಂದ ತೆಳ್ಳಗೆ, ಇ 41.2 ಹರ್ಟ್ಜ್, ಎ 55, ಡಿ 73.4, ಜಿ 98. ಇ ತಂತಿಯ ಮೂರನೇ ಫ್ರೆಟ್ ಒತ್ತಿದರೆ ಬರುವ ಕೆಳಗಿನ ಜಿ 49 ಹರ್ಟ್ಜ್. ನಮ್ಮ ಮನೆಯ ಕರೆಂಟಿನ ಗುಂಯ್ ಅದಕ್ಕಿಂತ ಬರೀ ಒಂದು ಹರ್ಟ್ಜ್ ಮೇಲೆ. ಎರಡೂ ಕೂಡಿದಾಗ ಸೆಕೆಂಡಿಗೊಮ್ಮೆ ಸದ್ದು ಏರಿ ಇಳಿಯುತ್ತದೆ. ಭೌತವಿಜ್ಞಾನದ ಪುಸ್ತಕದಲ್ಲಿ ಇದಕ್ಕೆ ವಿಸ್ಪಂದ ಎಂದು ಹೆಸರು. ಚಿಕ್ಕ ಸ್ಪೀಕರುಗಳಲ್ಲಿ 49 ಹರ್ಟ್ಜ್ ಸರಿಯಾಗಿ ಬರುವುದಿಲ್ಲ ಎನ್ನುವಿರಾದರೆ ಅದರ ಮೂರರಷ್ಟಕ್ಕೆ ಬನ್ನಿ. ತಂತಿಯ ಮೂರನೇ ಉಪಸ್ವರ 147, ಕರೆಂಟಿನದು 150. ಟ್ಯೂಬ್‌ಲೈಟಿನ ಚೋಕು, ಟ್ರಾನ್ಸ್‌ಫಾರ್ಮರು, ಫ್ಯಾನ್ ರೆಗ್ಯುಲೇಟರು ಇವೆಲ್ಲ ಈ ಬೆಸ ಗುಣಕಗಳನ್ನು ಧಾರಾಳವಾಗಿ ಹೊಮ್ಮಿಸುತ್ತವೆ. ಅದೂ ಸಾಲದೆ ಸುರುಳಿಯಲ್ಲಿ ಹುಟ್ಟುವ ವೋಲ್ಟೇಜು ಕಂಪನದ ವೇಗಕ್ಕೆ ತಕ್ಕಂತೆ ಏರುವುದರಿಂದ 150 ಇನ್ನಷ್ಟು ದೊಡ್ಡದಾಗಿಯೇ ಕೇಳುತ್ತದೆ. ಕರೆಂಟು ಹೋಗಿ ಇನ್ವರ್ಟರ್ ಹತ್ತಿಕೊಂಡರೆ ಮುಗಿಯಿತು: ಅಗ್ಗದ ಇನ್ವರ್ಟರಿನ ಚೌಕಾಕಾರದ ಅಲೆಯಲ್ಲಿ 150, 250, 350 ಎಲ್ಲವೂ ಮೆರವಣಿಗೆ ಹೊರಟಂತೆ ಇರುತ್ತವೆ.

ಬೇಸ್ ಗಿಟಾರ್ ಹುಟ್ಟಿದ ಅಮೆರಿಕದಲ್ಲಿ ಕರೆಂಟು 60 ಹರ್ಟ್ಜ್. ಅದು 58.3ರ ಎ-ಶಾರ್ಪ್ ಮತ್ತು 61.7ರ ಬಿ ನಡುವಿನ ಸಂದಿಯಲ್ಲಿ ಬೀಳುತ್ತದೆ. ಗುಂಯ್ ಅಲ್ಲೂ ಇದೆ, ಅಲ್ಲಿನವರೂ ಬೈದುಕೊಳ್ಳುತ್ತಾರೆ. ಆದರೆ ಅದು ಒಂದು ಸ್ವರದ ಮೈಗೆ ಅಂಟಿಕೊಂಡು ಕೂರುವುದಿಲ್ಲ. ನಮ್ಮದು ಜಿ ಸ್ವರಕ್ಕೆ ಹೆಗಲು ಕೊಟ್ಟು ನಿಂತಿದೆ. ಗ್ರಿಡ್ ಮೇಲೆ ಹೊರೆ ಹೆಚ್ಚಿದಾಗ 50 ಸ್ವಲ್ಪ ಇಳಿದು 49.9ರತ್ತ ಬರುತ್ತದೆ, ಅಂದರೆ ಶ್ರುತಿಗೆ ಇನ್ನೂ ಹತ್ತಿರ. ಅಲ್ಲಿನ ಪುಸ್ತಕಗಳಲ್ಲಿ ‘ಒಂದಿಷ್ಟು ಗುಂಯ್ ಇದ್ದರೆ ಇರಲಿ, ಸ್ವರ ಮುಖ್ಯ’ ಎಂಬ ಸಲಹೆ ಓದಿ ಅದನ್ನು ಬಂಗಾರಪೇಟೆಗೆ ಹಾಗೇ ಇಳಿಸಿಕೊಳ್ಳುವುದು ಸರಿಯಲ್ಲ ಎನ್ನುವುದಕ್ಕೆ ಇದೊಂದೇ ಲೆಕ್ಕ ಸಾಕು.

ಇಲ್ಲಿಗೆ ಮೊದಲ ಆಕ್ಷೇಪ ಬರುತ್ತದೆ: ಪಿಕಪ್ ಕೂರಲು ಮರದಲ್ಲಿ ಕೊರೆದ ಹಳ್ಳಕ್ಕೆ ತಾಮ್ರದ ಹಾಳೆ ಅಂಟಿಸಿದರೆ ಆಯಿತಲ್ಲ, ಪಿಕಪ್ ಏಕೆ ಬದಲಿಸಬೇಕು? ತಾಮ್ರದ ಹಾಳೆಯನ್ನು ಅಂಟಿಸಲೇಬೇಕು, ಆದರೆ ಅದು ತಡೆಯುವ ಶತ್ರು ಬೇರೆ. ಹೊರಗಿನ ಉಪದ್ರವ ಎರಡು ದಾರಿಯಲ್ಲಿ ಬರುತ್ತದೆ. ಒಂದು ವಿದ್ಯುತ್ ಕ್ಷೇತ್ರ: ಎಲ್‌ಇಡಿ ಬಲ್ಬಿನ, ಚಾರ್ಜರಿನ ಝುಂಯ್ ಎನ್ನುವ ತೆಳು ಸದ್ದು, ತಂತಿಗೆ ಕೈ ತಾಗಿಸಿದ ಕೂಡಲೇ ಇಳಿಯುವುದು ಇದೇ. ಅರ್ತ್‌ಗೆ ಕೂಡಿಸಿದ ಹಾಳೆ ಇದನ್ನು ಚೆನ್ನಾಗಿ ನುಂಗುತ್ತದೆ. ಇನ್ನೊಂದು ಕಾಂತಕ್ಷೇತ್ರ. 50 ಹರ್ಟ್ಜ್‌ನ ಕಾಂತಕ್ಷೇತ್ರ ತಾಮ್ರದೊಳಗೆ ಗಮನಾರ್ಹವಾಗಿ ಕುಗ್ಗಬೇಕಾದರೆ 9 ಮಿ.ಮೀ.ಗೂ ಮಿಕ್ಕ ದಪ್ಪ ಬೇಕು. ಅಂಗಡಿಯಲ್ಲಿ ಸಿಗುವ ಹಾಳೆಯ ದಪ್ಪ ಅದರ ನೂರರಲ್ಲಿ ಒಂದು ಪಾಲೂ ಇಲ್ಲ. ಯಾವುದು ಯಾವುದೆಂದು ಪತ್ತೆ ಹಚ್ಚಲು ಉಪಕರಣ ಬೇಡ. ಆಂಪ್ ಹಾಕಿ, ಹಳೆಯ ಚೋಕಿನ ಟ್ಯೂಬ್‌ಲೈಟು ಹೊತ್ತಿಸಿ, ಬೇಸ್ ಹಿಡಿದು ತಿರುಗುವ ಕುರ್ಚಿಯ ಮೇಲೆ ಕೂತು ನಿಧಾನಕ್ಕೆ ಒಂದು ಸುತ್ತು ಬಂದರೆ ಸಾಕು. ಗುಂಯ್ ಏರುತ್ತದೆ, ಇಳಿಯುತ್ತದೆ, ಒಂದು ಕೋನದಲ್ಲಿ ಬಹುಪಾಲು ಮಾಯವಾಗುತ್ತದೆ, ಮತ್ತೆ ಏರುತ್ತದೆ. ದಿಕ್ಕಿಗೆ ತಕ್ಕಂತೆ ಬದಲಾಗುವುದು ಕಾಂತಕ್ಷೇತ್ರದ ಗುರುತು. ಸುರುಳಿಯ ಅಕ್ಷ ಕ್ಷೇತ್ರಕ್ಕೆ ಅಡ್ಡ ಬಿದ್ದಾಗ ಅದು ಕಿವುಡಾಗುತ್ತದೆ. ವೇದಿಕೆಯ ಮೇಲೆ ಆ ಒಂದೇ ಕೋನದಲ್ಲಿ ನಿಂತು ನುಡಿಸುವವರೂ ಉಂಟು. ಇನ್ನು ಆಂಪ್‌ನ ಮೂರು ಪಿನ್ನಿನ ಪ್ಲಗ್ಗಿನಿಂದ ದಪ್ಪ ಪಿನ್ನನ್ನೇ ಮುರಿದು ಗುಂಯ್ ಕಳೆಯುವ ಚಾಳಿಯೊಂದಿದೆ. ಬೇಸ್‌ನ ಬ್ರಿಡ್ಜು, ತಂತಿ ಎಲ್ಲ ಆಂಪ್‌ನ ಅರ್ತ್‌ಗೇ ಕೂಡಿಕೊಂಡಿರುತ್ತವೆ. ಆಂಪ್‌ನೊಳಗೆ ಒಂದು ದಿನ ವೈರು ತಾಗಿದರೆ ಪೂರಾ 230 ವೋಲ್ಟು ಬೆರಳಿಗೇ ಬರುತ್ತದೆ. ಗುಂಯ್ ಸಹಿಸಿದರೂ ಸರಿ, ಆ ಪಿನ್ ಮುಟ್ಟಬಾರದು.

ಗದ್ದಲದಿಂದ ಪಾರಾಗಲು ಎರಡೇ ದಾರಿ: ದೂರ ಹೋಗುವುದು, ಇಲ್ಲವೇ ಕಳೆಯುವುದು. ಮೊದಲ ದಾರಿಯ ಪ್ರಸಿದ್ಧ ಉದಾಹರಣೆ ಕೆಜಿಎಫ್‌ನಲ್ಲೇ ಇದೆ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವು ಹಿಡಿದದ್ದು ಇಲ್ಲಿನ ಗಣಿಯಲ್ಲಿ, 2.3 ಕಿ.ಮೀ. ಆಳದಲ್ಲಿ. ಮೇಲಿನಿಂದ ಸುರಿಯುವ ಕಾಸ್ಮಿಕ್ ಕಿರಣಗಳ ಗದ್ದಲವನ್ನು ಬಂಡೆ ಹೀರಿಕೊಳ್ಳಲಿ ಎಂದೇ ಅಷ್ಟು ಕೆಳಗೆ ಇಳಿದದ್ದು. ಬೇಸ್ ನುಡಿಸುವವರಿಗೆ ಆ ಸೌಲಭ್ಯವಿಲ್ಲ. ಮದುವೆ ಮಂಟಪದ ಸೀರಿಯಲ್ ಸೆಟ್ ದೀಪಗಳ ಕೆಳಗೇ ನಿಲ್ಲಬೇಕು. ಅವರಿಗಿರುವುದು ಕಳೆಯುವ ಲೆಕ್ಕ. ಎರಡು ಸುರುಳಿ ತೆಗೆದುಕೊಂಡು ಒಂದನ್ನು ಬಲಕ್ಕೆ, ಇನ್ನೊಂದನ್ನು ಎಡಕ್ಕೆ ಸುತ್ತಿ. ಹೊರಗಿನ ಗುಂಯ್ ಎರಡಕ್ಕೂ ಒಂದೇ ರೀತಿ ತಟ್ಟುತ್ತದೆ, ಸುತ್ತು ತಿರುವುಮುರುವಾದ್ದರಿಂದ ಕೂಡಿಸಿದಾಗ ಅದು ಸೊನ್ನೆಯತ್ತ ಇಳಿಯುತ್ತದೆ. ತಂತಿಯ ಸದ್ದೂ ಹಾಗೇ ಅಳಿಯಬಾರದಲ್ಲ, ಅದಕ್ಕೆ ಒಂದು ಸುರುಳಿಯ ಅಯಸ್ಕಾಂತವನ್ನೂ ಬುಡಮೇಲು ಮಾಡುತ್ತಾರೆ. ಎರಡು ಸಲ ತಿರುಗಿದ ಸದ್ದು ನೆಟ್ಟಗಾಗಿ ಕೂಡಿಕೊಳ್ಳುತ್ತದೆ. ಗಿಬ್ಸನ್ ಕಂಪನಿಯಲ್ಲಿದ್ದ ಸೆತ್ ಲವರ್ ಎಂಬಾತ ತನ್ನ ಈ ಬಗೆಯ ಪಿಕಪ್ಪಿಗೆ 1955ರಲ್ಲಿ ಪೇಟೆಂಟ್ ಅರ್ಜಿ ಹಾಕಿದ. ಬೇಸ್ ಲೋಕದಲ್ಲಿ ಇನ್ನೂ ಜಾಣತನದ ರೂಪ ಬಂದದ್ದು ಫೆಂಡರ್ ಕಂಪನಿಯಿಂದ. 1951ರಲ್ಲಿ ಒಂದೇ ಸುರುಳಿಯೊಂದಿಗೆ ಬಂದ ಅವರ ಪ್ರಿಸಿಷನ್ ಬೇಸ್‌ನ ಪಿಕಪ್ಪನ್ನು 1957ರಲ್ಲಿ ಎರಡು ತುಂಡು ಮಾಡಿದರು: ಇ ಮತ್ತು ಎ ತಂತಿಗೆ ಒಂದು ತುಂಡು, ಡಿ ಮತ್ತು ಜಿ ತಂತಿಗೆ ಇನ್ನೊಂದು, ಸ್ವಲ್ಪ ಹಿಂದೆಮುಂದೆ ಜೋಡಿಸಿ. ಪ್ರತಿ ತಂತಿಯನ್ನು ಒಂದೇ ಸುರುಳಿ ಕೇಳುತ್ತದೆ. ಇನ್ನೊಂದು ಸುರುಳಿ ಆ ಹೊತ್ತಿಗೆ ಗುಂಯ್ ಒಂದನ್ನೇ ಕೇಳಿ ಅದನ್ನು ಕಳೆದುಕೊಡುತ್ತದೆ.

‘ಎರಡು ಸುರುಳಿಯ ಪಿಕಪ್ ಸ್ವರವನ್ನು ಮಂಕಾಗಿಸುತ್ತದೆ’ ಎನ್ನುವುದು ಎರಡನೆಯ ಆಕ್ಷೇಪ. ಇದು ಅರ್ಧ ನಿಜ, ಆ ಅರ್ಧ ಯಾವುದು ಎಂದು ತಿಳಿದರೆ ಕೊಳ್ಳುವುದು ಸುಲಭ. ಅಕ್ಕಪಕ್ಕ ಎರಡು ಸುರುಳಿ ಇಟ್ಟು ಸರಣಿಯಲ್ಲಿ ಕೂಡಿಸಿದ ಅಗಲ ಪಿಕಪ್ಪಿನಲ್ಲಿ ಒಂದೇ ತಂತಿಯನ್ನು ಎರಡು ಜಾಗದಲ್ಲಿ ಕೇಳಿಸಿಕೊಂಡಂತಾಗುತ್ತದೆ. ಚಿಕ್ಕ ಅಲೆಗಳು ಎರಡರ ನಡುವೆ ಪರಸ್ಪರ ಅಳಿಯುತ್ತವೆ. ಜೊತೆಗೆ ಇಂಡಕ್ಟೆನ್ಸ್ ಎಂಬ ಗುಣ ದುಪ್ಪಟ್ಟಾಗುತ್ತದೆ. ಸುರುಳಿ ತನ್ನೊಳಗಿನ ವಿದ್ಯುತ್ತಿನ ಬದಲಾವಣೆಯನ್ನೇ ವಿರೋಧಿಸುವ ಈ ಗುಣ ಹೆಚ್ಚಿದಷ್ಟೂ ಮೇಲಿನ ಸ್ವರಗಳು ಕುಂದುತ್ತವೆ. ಆದರೆ ಅವೇ ಎರಡು ಸುರುಳಿಗಳನ್ನು ಸಮಾಂತರವಾಗಿ ಕೂಡಿಸಿದರೆ ಇಂಡಕ್ಟೆನ್ಸ್ ಸರಣಿಯಲ್ಲಿದ್ದುದರ ಕಾಲು ಭಾಗಕ್ಕೆ ಇಳಿಯುತ್ತದೆ, ಗುಂಯ್ ಮಾತ್ರ ಹಾಗೇ ಕಳೆದುಹೋಗುತ್ತದೆ. ನಾಲ್ಕು ವೈರು ಹೊರಬಂದಿರುವ ಪಿಕಪ್ ಕೊಂಡರೆ ಎರಡು ಬಗೆಯನ್ನೂ ಮಾಡಿ ನೋಡಬಹುದು. ಎರಡು ತುಂಡಿನ ಪ್ರಿಸಿಷನ್ ಮಾದರಿಗಂತೂ ಈ ದೂರಿನ ಮೊದಲ ಭಾಗ ತಟ್ಟುವುದೇ ಇಲ್ಲ, ಅಲ್ಲಿ ಒಂದು ತಂತಿಗೆ ಒಂದೇ ಕಿವಿ. ಮನೆಯಲ್ಲಿ ಮಾಡಿದ ಬೇಸ್‌ಗೆ ಒಂದೇ ಪಿಕಪ್ ಹಾಕುವುದಾದರೆ ನನ್ನ ಮತ ಅದಕ್ಕೇ. 1960ರ ಜಾಝ್ ಬೇಸ್ ಮಾದರಿಯ ಎರಡು ಒಂಟಿ ಸುರುಳಿಗಳೂ ಗುಂಯ್ ಕಳೆಯುತ್ತವೆ, ಆದರೆ ಎರಡರ ವಾಲ್ಯೂಮೂ ಸಮವಾಗಿದ್ದಾಗ ಮಾತ್ರ. ಒಂದನ್ನು ಇಳಿಸಿದ ಕೂಡಲೇ ಗುಂಯ್ ಹಾಜರು. ಅದರಲ್ಲೂ ಬೇರೆ ಬೇರೆ ಕಂಪನಿಯ ಎರಡನ್ನು ಬಿಡಿಬಿಡಿಯಾಗಿ ಕೊಂಡರೆ ಎರಡರ ಸುತ್ತೂ ಒಂದೇ ದಿಕ್ಕಿನದಾಗಿರಬಹುದು, ಆಗ ಗುಂಯ್ ಕಳೆಯುವ ಬದಲು ಕೂಡುತ್ತದೆ. ಹಾಕುವ ಮೊದಲೇ ನೋಡಿಕೊಳ್ಳಬಹುದು: ದಿಕ್ಸೂಚಿ ಹಿಡಿದರೆ ಅಯಸ್ಕಾಂತದ ಮುಖ ತಿಳಿಯುತ್ತದೆ. ಮುಳ್ಳಿನ ಮಲ್ಟಿಮೀಟರನ್ನು ಎರಡು ವೈರಿಗೆ ಕೂಡಿಸಿ, ಸ್ಕ್ರೂಡ್ರೈವರನ್ನು ಪಿಕಪ್ಪಿನ ತಲೆಗೆ ಅಂಟಿಸಿ ಸರಕ್ಕನೆ ಎಳೆದರೆ ಮುಳ್ಳು ಬಲಕ್ಕೋ ಎಡಕ್ಕೋ ಮಿಣ್ಣಗೆ ಹಾರುತ್ತದೆ. ಜೋಡಿಯಾಗಬೇಕಾದ ಪಿಕಪ್ಪುಗಳಲ್ಲಿ ಅಯಸ್ಕಾಂತದ ಮುಖ ವಿರುದ್ಧವಾಗಿರಬೇಕು, ಮುಳ್ಳು ಹಾರುವ ದಿಕ್ಕು ಒಂದೇ ಆಗಿರಬೇಕು.

ಈಗ ಓಮ್‌ಗಳ ವಿಚಾರ. ಪಿಕಪ್ ಮಾರುವವರು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆಯುವುದು ಅದರ ರೋಧವನ್ನು. ಹೆಚ್ಚು ಕಿಲೋಓಮ್ ಎಂದರೆ ಹೆಚ್ಚು ಬಲ ಎಂಬ ನಂಬಿಕೆ ಬೇರೂರಿದೆ. ಇದನ್ನು ಅಲುಗಿಸಲು ಕೋಲಾರದ ಹವೆಯೇ ಸಾಕು. ತಾಮ್ರದ ರೋಧ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಶೇ 0.39ರಂತೆ ಏರುತ್ತದೆ. ಡಿಸೆಂಬರಿನ ಬೆಳಗ್ಗೆ 15 ಡಿಗ್ರಿಯಲ್ಲಿ 10 ಕಿಲೋಓಮ್ ತೋರಿಸುವ ಪಿಕಪ್, ಏಪ್ರಿಲ್ ಮಧ್ಯಾಹ್ನ 38 ಡಿಗ್ರಿಯಲ್ಲಿ ಸುಮಾರು 10.9 ತೋರಿಸುತ್ತದೆ. ಪೇಟೆಯಲ್ಲಿ ಒಂದು ಕಿಲೋಓಮ್ ಹೆಚ್ಚಿಗೆ ಇದೆ ಎಂದು ದರ ಏರಿಸುವ ಅಂತರ ಇದು. ಬಿಸಿಲಿಗೆ ಅದು ಪುಕ್ಕಟೆ. ಸ್ವರ ಮಾತ್ರ ಚಳಿಗಾಲದ್ದೇ. ಸುತ್ತುಗಳ ಸಂಖ್ಯೆ ಅಷ್ಟೇ ಇರಿಸಿ ತಂತಿಯನ್ನು ಒಂದು ನಂಬರು ತೆಳುವಾಗಿಸಿದರೂ ರೋಧ ಕಾಲು ಭಾಗಕ್ಕಿಂತ ಹೆಚ್ಚು ಏರುತ್ತದೆ, ಹುಟ್ಟುವ ವೋಲ್ಟೇಜು ಏರುವುದಿಲ್ಲ. ರೋಧ ಎನ್ನುವುದು ಸುರುಳಿ ತುಂಡಾಗಿದೆಯೇ ಇಲ್ಲವೇ ಎಂದು ನೋಡುವ ನಾಡಿ. ಅದರಿಂದ ದೇಹದ ಬಲ ತಿಳಿಯದು. ತಿಳಿಸುವುದು ಇಂಡಕ್ಟೆನ್ಸ್, ಅದನ್ನು ಬರೆಯುವ ಕಂಪನಿಗಳು ಕಡಿಮೆ. ಪ್ರಿಸಿಷನ್ ಮಾದರಿಯದು ಸುಮಾರು 6 ಹೆನ್ರಿ, ಜಾಝ್ ಮಾದರಿಯದು 3ರಿಂದ 4.

ತಂತಿಯ ನಂಬರಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಬೋರ್‌ವೆಲ್ ಪಂಪುಗಳ ದೆಸೆಯಿಂದ ನಮ್ಮ ಊರೂರಿನಲ್ಲೂ ಮೋಟಾರ್ ವೈಂಡಿಂಗ್ ಅಂಗಡಿ ಉಂಟು. ಪಿಕಪ್ಪನ್ನೂ ಅಲ್ಲೇ ಸುತ್ತಿಸಿಬಿಡೋಣ ಎಂದು ಹೊರಡುವವರು ಅಮೆರಿಕದ ಬರಹ ನೋಡಿ ‘42 ನಂಬರು’ ಎಂದು ಕೇಳುತ್ತಾರೆ. ಅಮೆರಿಕದ ಅಳತೆಯ 42 ಎಂದರೆ 0.063 ಮಿ.ಮೀ., ತಲೆಗೂದಲಿಗಿಂತ ದಪ್ಪವೇನಲ್ಲ. ನಮ್ಮ ಅಂಗಡಿಗಳು ನಡೆಸುವುದು ಎಸ್‌ಡಬ್ಲ್ಯೂಜಿ ಅಳತೆ. ಅದರ 42 ನಂಬರು 0.1 ಮಿ.ಮೀ.ಗೂ ಸ್ವಲ್ಪ ಹೆಚ್ಚು, ಅಡ್ಡಕೊಯ್ತದಲ್ಲಿ ಎರಡೂವರೆ ಪಟ್ಟಿಗಿಂತ ದಪ್ಪ. ಹತ್ತು ಸಾವಿರ ಸುತ್ತು ಬೇಕಾದ ಬಾಬಿನ್ನು ನಾಲ್ಕು ಸಾವಿರಕ್ಕೇ ತುಂಬಿ ಉಕ್ಕುತ್ತದೆ. ಕೇಳಬೇಕಾದದ್ದು 46.

ಇಂಡಕ್ಟೆನ್ಸ್ ಒಂದೇ ಸ್ವರವನ್ನು ತೀರ್ಮಾನಿಸುವುದಿಲ್ಲ. ಕೇಬಲ್ ಅದರ ಜೋಡಿ. ಬಂಗಾರಪೇಟೆ ತಾಲೂಕಿನ ಬೂದಿಕೋಟೆಯನ್ನು ಜನ ಹೈದರಾಲಿ ಹುಟ್ಟಿದ ಊರೆಂದು ನೆನೆಯುತ್ತಾರೆ. ಸದ್ದಿನ ಚರಿತ್ರೆಯಲ್ಲಿ ಅದಕ್ಕೆ ಇನ್ನೊಂದು ಜಾಗ ಇದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿ ಶುರುವಾಯಿತು. ಮೈರಾಡ, ವಾಯ್ಸಸ್ ಸಂಸ್ಥೆಗಳು ಮತ್ತು ಯುನೆಸ್ಕೊ ಅದರ ಬೆನ್ನಿಗಿದ್ದವು. ಹಳ್ಳಿಯ ಸಂಘಗಳಿಗೆ ಬಾನುಲಿ ಪ್ರಸಾರದ ಅನುಮತಿ ಇಲ್ಲದ ಕಾಲ ಅದು. ಆ ಬಾಗಿಲು ತೆರೆದದ್ದು 2006ರಲ್ಲಿ. ಹಾಗಾಗಿ ಬೂದಿಕೋಟೆಯವರು ತಮ್ಮ ಕಾರ್ಯಕ್ರಮಗಳನ್ನು ಟಿವಿ ಕೇಬಲ್ಲಿನಲ್ಲಿ ಮನೆಮನೆಗೆ ಹರಿಸಿದರು. ಅಷ್ಟು ಉದ್ದದ ಕೇಬಲ್ಲು ದಾಟಿ ಮಾತು ಸ್ಪಷ್ಟವಾಗಿ ತಲುಪಬಹುದಾದರೆ, ಬೇಸ್‌ನಿಂದ ಆಂಪ್‌ಗೆ ಹೋಗುವ ಐದು ಮೀಟರ್ ಕೇಬಲ್ ಯಾವ ಲೆಕ್ಕ ಎನಿಸುತ್ತದೆ. ವ್ಯತ್ಯಾಸ ದೂಡುವವರಲ್ಲಿದೆ. ಅಲ್ಲಿ ಕೇಬಲ್ಲಿನ ಹಿಂದೆ ಕರೆಂಟು ತಿಂದು ನೂಕುವ ಯಂತ್ರ ಇತ್ತು. ಪಿಕಪ್ಪಿನ ಹಿಂದೆ ಇರುವುದು ಬೆರಳಿನ ಮೀಟು ಒಂದೇ. ಕೇಬಲ್ಲಿನ ಒಳತಂತಿ ಮತ್ತು ಹೊರಜಾಲರಿ ಸೇರಿ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟರ್ ಆಗುತ್ತದೆ. ಪಿಕಪ್ಪಿನ ಇಂಡಕ್ಟೆನ್ಸ್ ಮತ್ತು ಈ ಕೆಪಾಸಿಟರ್ ಕೂಡಿ, ಉಯ್ಯಾಲೆಯ ಹಾಗೆ, ಒಂದು ನಿಶ್ಚಿತ ಕಂಪನದಲ್ಲಿ ಅನುರಣಿಸುತ್ತವೆ. ಅಲ್ಲಿ ಸ್ವರ ಉಬ್ಬುತ್ತದೆ, ಅದರ ಮೇಲೆ ಕಡಿದಾಗಿ ಬೀಳುತ್ತದೆ. 6 ಹೆನ್ರಿ ಪಿಕಪ್ಪಿಗೆ ಐದು ಮೀಟರ್ ಕೇಬಲ್ ಹಾಕಿದರೆ, ಸುರುಳಿಯದೇ ಆದ 100 ಪಿಕೋಫ್ಯಾರಡ್ಡನ್ನೂ ಸೇರಿಸಿ, ಆ ಉಬ್ಬು ಸುಮಾರು 2,650 ಹರ್ಟ್ಜ್‌ನಲ್ಲಿ ಬೀಳುತ್ತದೆ. ಕೇಬಲ್ಲನ್ನು ಹತ್ತು ಮೀಟರ್ ಮಾಡಿದರೆ ಅದು 1,960ಕ್ಕೆ ಇಳಿಯುತ್ತದೆ. ಕೇಬಲ್ ಐದೇ ಇಟ್ಟು ಮೂರೂವರೆ ಹೆನ್ರಿಯ ಪಿಕಪ್ ಹಾಕಿದರೆ 3,470ಕ್ಕೆ ಏರುತ್ತದೆ. ನೋಡಿ, ಬರೀ ಕೇಬಲ್ ಉದ್ದ ಮಾಡಿದ್ದರಿಂದ ಆದ ಇಳಿತ ಸುಮಾರು 700 ಹರ್ಟ್ಜ್. ಪಿಕಪ್ಪನ್ನೇ ಬದಲಿಸಿದ್ದರಿಂದ ಆದ ಏರಿಕೆ ಸುಮಾರು 800. ಉದ್ದನೆಯ ಅಗ್ಗದ ಕೇಬಲ್ಲಿನ ಮಂಕಿಗೆ ಪಿಕಪ್ಪನ್ನು ಕಿತ್ತೆಸೆಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಒಂಬತ್ತು ವೋಲ್ಟಿನ ಬ್ಯಾಟರಿಯ ಪುಟ್ಟ ಪ್ರೀಆಂಪ್ ಬೇಸ್‌ನೊಳಗೇ ಕೂತರೆ ಕೇಬಲ್ಲಿನ ಕಾಟ ಪಿಕಪ್ಪಿಗೆ ತಟ್ಟುವುದಿಲ್ಲ. ಬೂದಿಕೋಟೆಯ ಸ್ಟುಡಿಯೊದಲ್ಲಿದ್ದಂತೆ ಹಿಂದಿನಿಂದ ನೂಕುವವರು ಇಲ್ಲೂ ಸಿಕ್ಕಂತಾಯಿತು. ಬ್ಯಾಟರಿ ಹಾಡಿನ ನಡುವೆಯೇ ಸಾಯುತ್ತದೆ ಎನ್ನುವುದು ಬೇರೆ ಮಾತು.

ಕೇಬಲ್ಲಿಗಿಂತ ದೊಡ್ಡ ಯಜಮಾನ ಪಿಕಪ್ ಕೂತ ಜಾಗ. ಮನೆಯಲ್ಲಿ ಮಾಡಿದ ಬೇಸ್‌ನಲ್ಲಿ ಈ ಜಾಗ ಅಂದಾಜಿನಲ್ಲಿ ಬಿದ್ದಿರುತ್ತದೆ. ಸಾಮಾನ್ಯ ಬೇಸ್‌ನ ತಂತಿಯ ಉದ್ದ 34 ಇಂಚು, ಅಂದರೆ 864 ಮಿ.ಮೀ. ಬ್ರಿಡ್ಜಿನಿಂದ, ವೀಣೆಯಲ್ಲಾದರೆ ಕುದುರೆ ಎನ್ನುವ ಭಾಗದಿಂದ, 144 ಮಿ.ಮೀ. ದೂರದಲ್ಲಿ ಪಿಕಪ್ ಇದೆ ಎಂದುಕೊಳ್ಳಿ. ಅದು ಉದ್ದದ ಆರನೇ ಒಂದು ಭಾಗ. ತಂತಿಯ ಆರನೇ ಉಪಸ್ವರಕ್ಕೆ ಅಲ್ಲಿ ಅಲುಗಾಟವೇ ಇಲ್ಲ, ಹಾಗಾಗಿ ಪಿಕಪ್ಪಿಗೆ ಅದು ಕೇಳಿಸುವುದಿಲ್ಲ. ಮೂಲ ಸ್ವರ ಅಲ್ಲಿ ತನ್ನ ಗರಿಷ್ಠ ಅಲುಗಾಟದ ಅರ್ಧದಷ್ಟಿರುತ್ತದೆ. ಪಿಕಪ್ಪನ್ನು ಬ್ರಿಡ್ಜಿನಿಂದ 60 ಮಿ.ಮೀ.ಗೆ ಸರಿಸಿದರೆ ಅದು ಶೇ 22ರಷ್ಟಕ್ಕೆ ಇಳಿಯುತ್ತದೆ, ಅಂದರೆ ಮೊದಲಿದ್ದುದರ ಅರ್ಧಕ್ಕಿಂತಲೂ ಕಡಿಮೆ. ‘ನನ್ನ ಬೇಸ್‌ನಲ್ಲಿ ಬೇಸೇ ಇಲ್ಲ’ ಎನ್ನುವವರು ಸ್ಕೇಲು ಹಿಡಿದು ಅಳೆದು ನೋಡುವುದು ಒಳ್ಳೆಯದು. ಹಳ್ಳವೇ ಬ್ರಿಡ್ಜಿಗೆ ಒತ್ತಿಕೊಂಡು ಬಿದ್ದಿದ್ದರೆ ಯಾವ ಬೆಲೆಯ ಪಿಕಪ್ಪೂ ಕಳೆದುದನ್ನು ಮರಳಿ ತರದು. ಹಾಗೆಂದು ಇಂಥ ಉಪಸ್ವರದ ಗಂಟಿನ ಮೇಲೇ ಇಡಬೇಕು, ಅಲ್ಲೇ ಮಾಯೆ ಇರುವುದು ಎಂಬ ಮಾತಿಗೂ ಬೆಲೆ ಕೊಡಬೇಕಿಲ್ಲ. 144 ಮಿ.ಮೀ. ಎಂಬುದು ಬಿಟ್ಟ ತಂತಿಗೆ ಆರನೇ ಒಂದು ಭಾಗ. ಮೂರನೇ ಫ್ರೆಟ್ ಒತ್ತಿದರೆ ಹೆಚ್ಚುಕಡಿಮೆ ಐದನೇ ಒಂದು, ಏಳನೇ ಫ್ರೆಟ್ಟಿಗೆ ನಾಲ್ಕನೇ ಒಂದು, ಹನ್ನೆರಡಕ್ಕೆ ಮೂರನೇ ಒಂದು. ಗಂಟು ಬೆರಳಿನೊಂದಿಗೆ ಓಡಾಡುತ್ತದೆ, ಪಿಕಪ್ ಕೂತಲ್ಲೇ ಕೂತಿರುತ್ತದೆ. ಮರದ ವಿಚಾರ ಇಷ್ಟೇ: ಹಲಸು, ತೇಗ, ಮಾವು ಯಾವುದಾದರೂ ತಂತಿಯ ಕಂಪನ ಎಷ್ಟು ಹೊತ್ತು ಉಳಿಯುತ್ತದೆ ಎಂಬುದರಲ್ಲಿ ಕೈ ಆಡಿಸಬಹುದು, ಪಿಕಪ್ ನೇರವಾಗಿ ಮರವನ್ನು ಕೇಳುವುದಿಲ್ಲ.

ಅಳತೆಯ ಮಾತು ನೀರಸ, ಆದರೆ ಮನೆಯ ಬೇಸ್‌ಗೆ ಅದೇ ನಿರ್ಣಾಯಕ. ಹಳ್ಳವನ್ನು ದೊಡ್ಡದು ಮಾಡಬಹುದು, ಚಿಕ್ಕದು ಮಾಡಲಾಗದು. ಜಾಝ್ ಮಾದರಿಯ ಎರಡು ಪಿಕಪ್ಪುಗಳಲ್ಲಿ ಬ್ರಿಡ್ಜಿನ ಪಕ್ಕದ್ದು ಇನ್ನೊಂದಕ್ಕಿಂತ ಸುಮಾರು ಮೂರು ಮಿ.ಮೀ. ಹೆಚ್ಚು ಉದ್ದ, ತಪ್ಪಿ ಒಂದರ ಜಾಗಕ್ಕೆ ಇನ್ನೊಂದನ್ನು ತಂದರೆ ಉಳಿಯೊಂದೇ ಗತಿ. ಕೈಯಲ್ಲಿ ಮಾಡಿದ ಬ್ರಿಡ್ಜಿನ ಮೇಲೆ ತಂತಿಗಳ ಅಂತರ 19 ಮಿ.ಮೀ.ಗೆ ಸರಿಯಾಗಿ ಕೂಡದಿದ್ದರೆ ತಂತಿ ಅಯಸ್ಕಾಂತದ ಕಡ್ಡಿಯಿಂದ ಪಕ್ಕಕ್ಕೆ ಬಿದ್ದು ಒಂದೊಂದು ತಂತಿ ಒಂದೊಂದು ದನಿಯಾಗುತ್ತದೆ. ಅಂಥ ಬೇಸ್‌ಗೆ ಬಿಡಿ ಕಡ್ಡಿಗಳ ಬದಲು ಉದ್ದಕ್ಕೆ ಒಂದೇ ಪಟ್ಟಿ ಇರುವ ಪಿಕಪ್ ಮೇಲು. ಇನ್ನು ಅಯಸ್ಕಾಂತ ಆಲ್ನಿಕೋ ಆಗಿರಲಿ, ಫೆರೈಟ್ ಆಗಿರಲಿ, ಅದರ ಬಲ ಹೆಚ್ಚಿದಷ್ಟೂ ಒಳ್ಳೆಯದು ಎಂದೇನಿಲ್ಲ. ತೀರ ಹತ್ತಿರ ಏರಿಸಿದರೆ ಅದು ತಂತಿಯನ್ನು ಎಳೆದು ಶ್ರುತಿಯನ್ನೇ ಅಲುಗಿಸುತ್ತದೆ. ತಂತಿಯ ಲೋಹವನ್ನೂ ನೋಡಬೇಕು. ವೀಣೆಯ ಸಾರಣಿ ಉಕ್ಕಿನದು, ಅದಕ್ಕೆ ಕಾಂತೀಯ ಪಿಕಪ್ ಒಪ್ಪುತ್ತದೆ. ಹಳೆಯ ಪದ್ಧತಿಯ ಹಿತ್ತಾಳೆಯ ಮಂದ್ರದ ತಂತಿಗೆ ಅದು ಪೂರಾ ಕಿವುಡು. ಬೇಸ್‌ಗೂ ಇದೇ ನಿಯಮ: ನೈಲಾನ್ ತಂತಿ ಕೇಳದು, ನೈಲಾನ್ ಹೊದಿಕೆಯೊಳಗೆ ಉಕ್ಕಿದ್ದರೆ ಕೇಳುತ್ತದೆ. ಬಂಗಾರದ ಊರಿನಲ್ಲಿ ಕೂತು ಇದನ್ನೂ ಹೇಳಬೇಕು: ಪಿಕಪ್ಪಿನ ಮೇಲಿನ ಚಿನ್ನದ ಲೇಪಕ್ಕೆ ಕೊಟ್ಟ ದುಡ್ಡು ಕಣ್ಣಿಗೆ ಕೊಟ್ಟದ್ದು. ಚಿನ್ನ ತುಕ್ಕು ಹಿಡಿಯದಾದ್ದರಿಂದ ಜ್ಯಾಕಿನ ತುದಿಯಲ್ಲಿ ಅದಕ್ಕೆ ಕೆಲಸ ಇದೆ. ಮುಚ್ಚಳದ ಮೇಲೆ ಇಲ್ಲ. ಅದರಡಿಯ ಹಿತ್ತಾಳೆಯಲ್ಲಿ ಸುಳಿ ವಿದ್ಯುತ್ ಹುಟ್ಟಿ ಮೇಲಿನ ಸ್ವರಗಳನ್ನು ತುಸು ಮೊಂಡಾಗಿಸುವುದೇ ಅದರ ಕೊಡುಗೆ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ, ಪಿಕಪ್ ಬದಲಿಸಿದಾಗ ಸ್ವರ ಬದಲಾದದ್ದನ್ನು ನುಡಿಸುವವರು ಕಿವಿಯಾರೆ ಕೇಳುತ್ತಾರಲ್ಲ, ಅದು ಸುಳ್ಳೇ ಎಂಬ ಪ್ರಶ್ನೆ ಉಳಿಯುತ್ತದೆ. ಸುಳ್ಳಲ್ಲ. ಆದರೆ ಪಿಕಪ್ ಬದಲಿಸುವ ದಿನ ಇನ್ನೂ ಮೂರು ಸಂಗತಿ ಬದಲಾಗಿರುತ್ತವೆ: ತಂತಿ ಹೊಸದಾಗಿರುತ್ತದೆ, ಎತ್ತರ ಬೇರೆಯಾಗಿರುತ್ತದೆ, ಹಳೆಯ ಬೆಸುಗೆ ಹೋಗಿ ಹೊಸ ಬೆಸುಗೆ ಬಂದಿರುತ್ತದೆ. ಒಂದು ಮಿಲಿಮೀಟರ್ ಹತ್ತಿರವಾದರೂ ಸದ್ದು ದೊಡ್ಡದಾಗುತ್ತದೆ, ಸ್ವಲ್ಪ ದೊಡ್ಡದಾದ ಸದ್ದು ಕಿವಿಗೆ ಯಾವಾಗಲೂ ಹೆಚ್ಚು ಚೆನ್ನಾಗಿ ಕೇಳುತ್ತದೆ. ಅದನ್ನು ಗುಣ ಎಂದು ತಿಳಿದು ದುಡ್ಡು ಸುರಿದವರು ಎಲ್ಲ ಊರಿನಲ್ಲೂ ಇದ್ದಾರೆ. ಹಾಗಾಗಿ ಹೋಲಿಸುವುದಾದರೆ ಹಳೆಯ ಪಿಕಪ್ಪಿಗೇ ಮೊದಲು ಹೊಸ ತಂತಿ ಕಟ್ಟಿ, ಎತ್ತರ ಸರಿಮಾಡಿ, ಚಿಕ್ಕ ಕೇಬಲ್ಲಿನಲ್ಲಿ ಒಮ್ಮೆ ಕೇಳಿ, ಆಮೇಲೆ ಸ್ಕ್ರೂ ಬಿಚ್ಚಬೇಕು.

ಹೊಸ ಪಿಕಪ್ ಹಾಕಿದ ಮೇಲೆ ಕಡೆಯ ಫ್ರೆಟ್ ಒತ್ತಿ ಹಿಡಿದು, ತಂತಿಯ ಅಡಿಗೂ ಪಿಕಪ್ಪಿನ ತಲೆಗೂ ನಡುವೆ ಎರಡರಿಂದ ಮೂರು ಮಿ.ಮೀ. ಬಿಟ್ಟು ಎತ್ತರ ಕೂಡಿಸಿಕೊಳ್ಳಿ. ಮನೆಯ ಟ್ಯೂಬ್‌ಲೈಟು, ಫ್ಯಾನು ಎಲ್ಲ ಹಾಕಿ. ಇನ್ವರ್ಟರ್ ಇದ್ದರೆ ಮೇನ್ ಸ್ವಿಚ್ ಇಳಿಸಿ ಅದನ್ನೂ ಓಡಿಸಿ. ಇ ತಂತಿಯ ಮೂರನೇ ಫ್ರೆಟ್ ಒತ್ತಿ, ಒಮ್ಮೆ ಮೀಟಿ, ಸ್ವರ ಸಾಯುವವರೆಗೂ ಬೆರಳು ತೆಗೆಯದೆ ಕೇಳಿ. ಆ ಸದ್ದು ಸೆಕೆಂಡಿಗೊಮ್ಮೆಯೋ ಮೂರು ಸಲವೋ ತೂಗದೆ, ಒಂದೇ ಇಳಿಜಾರಿನಲ್ಲಿ ನೆಟ್ಟಗೆ ಇಳಿದು ನಿಂತರೆ ಪಿಕಪ್ಪಿನ ಸ್ಕ್ರೂಗಳನ್ನು ಬಿಗಿ ಮಾಡಬಹುದು.